ಓಟ ಶುರು ಮಾಡುವವರಿಗೆ: ಉಸಿರು ಪಳಗಿದ ಮೇಲೂ ಕಾಲಿಗೆ ಸಮಯ ಕೊಡಿ

ಹೊಸದಾಗಿ ಓಡಲು ಶುರು ಮಾಡಿದವರ ಉಸಿರು ಬೇಗ ಪಳಗುತ್ತದೆ. ಮೂಳೆ ಮತ್ತು ಸ್ನಾಯುರಜ್ಜುಗಳು (ಸ್ನಾಯುವನ್ನು ಮೂಳೆಗೆ ಕಟ್ಟಿಡುವ ಹುರಿಯಂಥ ಭಾಗ) ನಿಧಾನಕ್ಕೆ ಪಳಗುತ್ತವೆ. ಓಟ ಶುರು ಮಾಡಿ ಒಂದೆರಡು ತಿಂಗಳಲ್ಲೇ ಬಿಟ್ಟವರನ್ನು ಕೇಳಿ ನೋಡಿ. ಕೆಲವರು ಮೊದಲ ದಿನವೇ ಜೋರಾಗಿ ಓಡಿ, ಎದೆ ಹಾರಿಹೋದಂತಾಗಿ, ಇದು ನಮ್ಮ ಕೈಲಾಗುವ ಕೆಲಸವಲ್ಲ ಎಂದುಕೊಂಡಿರುತ್ತಾರೆ. ಉಳಿದವರು ಮೂರು ನಾಲ್ಕು ವಾರ ಚೆನ್ನಾಗಿಯೇ ಓಡಿ ಕಾಲುನೋವು ತಂದುಕೊಂಡಿರುತ್ತಾರೆ. ಎರಡಕ್ಕೂ ಕಾರಣ ಅವಸರ.

ನಾನು ಎರಡನೇ ಗುಂಪಿನವನು. ನಾಲ್ಕನೇ ವಾರಕ್ಕೆ ಏದುಸಿರು ಕಡಿಮೆಯಾಗಿ ಮೈ ಹಗುರವೆನಿಸಿತು. ಅದೇ ಹುಮ್ಮಸ್ಸಿನಲ್ಲಿ ವಾರಕ್ಕೆ ಮೂರು ದಿನವಿದ್ದ ಓಟವನ್ನು ಆರು ದಿನಕ್ಕೆ ಏರಿಸಿದೆ. ಹತ್ತು ದಿನ ಕಳೆದಿರಲಿಲ್ಲ, ಮೆಟ್ಟಿಲು ಇಳಿಯುವಾಗ ಎಡಗಾಲಿನ ಮುಂದಿನ ಮೂಳೆಯ ಒಳ ಅಂಚಿನಲ್ಲಿ ಸಣ್ಣಗೆ ಚುಚ್ಚಿದಂತಾಯಿತು. ಓಡುತ್ತಾ ಓಡುತ್ತಾ ಸರಿಹೋಗುತ್ತದೆ ಅಂದುಕೊಂಡೆ. ಇನ್ನೊಂದು ವಾರಕ್ಕೆ ನಡೆಯುವಾಗಲೂ ನೋವು ಬಂತು. ಮತ್ತೆ ಓಡಲು ಐದು ವಾರ ಕಾಯಬೇಕಾಯಿತು. ಈ ಲೇಖನದ ಬಹುಪಾಲು ಆ ಐದು ವಾರಗಳಲ್ಲಿ ಕಲಿತದ್ದು.

ದೇಹದೊಳಗೆ ಏನು ನಡೆಯುತ್ತದೆ

ನಡೆಯುವಾಗ ಯಾವಾಗಲೂ ಒಂದು ಪಾದವಾದರೂ ನೆಲದ ಮೇಲಿರುತ್ತದೆ. ಓಡುವಾಗ ಪ್ರತಿ ಹೆಜ್ಜೆಗೂ ಒಂದು ಕ್ಷಣ ಎರಡೂ ಪಾದಗಳು ನೆಲ ಬಿಟ್ಟಿರುತ್ತವೆ. ಇಳಿಯುವಾಗ ಒಂಟಿ ಕಾಲಿನ ಮೇಲೆ ದೇಹದ ತೂಕದ ಎರಡರಿಂದ ಮೂರು ಪಟ್ಟು ಭಾರ ಬೀಳುತ್ತದೆ. ನಿಧಾನವಾಗಿ ಓಡಿದರೂ ನಿಮಿಷಕ್ಕೆ 150ರಷ್ಟು ಹೆಜ್ಜೆ ಬೀಳುತ್ತವೆ ಎಂದಿಟ್ಟುಕೊಳ್ಳಿ, 20 ನಿಮಿಷಕ್ಕೆ ಅದು ಮೂರು ಸಾವಿರವಾಯಿತು.

ಈ ಕೆಲಸಕ್ಕೆ ಮೊದಲು ಹೊಂದಿಕೊಳ್ಳುವುದು ರಕ್ತ. ಕೆಲವೇ ದಿನಗಳಲ್ಲಿ ರಕ್ತದ ದ್ರವಾಂಶ ಹೆಚ್ಚುತ್ತದೆ, ಹೃದಯ ಒಂದು ಬಡಿತಕ್ಕೆ ಹೆಚ್ಚು ರಕ್ತ ತಳ್ಳುತ್ತದೆ. ಕೆಲವು ವಾರಗಳಲ್ಲಿ ಸ್ನಾಯುಗಳೂ ಆಮ್ಲಜನಕವನ್ನು ಚೆನ್ನಾಗಿ ಬಳಸಲು ಕಲಿಯುತ್ತವೆ. ಮೂಳೆಯ ರೀತಿಯೇ ಬೇರೆ. ಹೊಸ ಭಾರ ಬಿದ್ದ ಜಾಗದಲ್ಲಿ ಅದು ಮೊದಲು ಹಳೆಯದನ್ನು ಕರಗಿಸುತ್ತದೆ, ಆಮೇಲೆ ಗಟ್ಟಿಯಾದ ಹೊಸದನ್ನು ಕಟ್ಟುತ್ತದೆ. ಗೋಡೆಯ ಹಳೆ ಗಾರೆ ಕೆರೆದು ಹೊಸ ಗಾರೆ ಮೆತ್ತಿದ ಹಾಗೆ. ಈ ಒಂದು ಸುತ್ತಿಗೆ ಮೂರು ನಾಲ್ಕು ತಿಂಗಳು ಬೇಕು. ಕೆರೆದಾದ ಮೇಲೆ, ಮೆತ್ತುವ ಮೊದಲು, ಆ ಜಾಗ ಸ್ವಲ್ಪ ಕಾಲ ಮೊದಲಿಗಿಂತಲೂ ದುರ್ಬಲವಾಗಿರುತ್ತದೆ. ಉಸಿರು ಸಲೀಸಾಗಿ ‘ಇನ್ನೂ ಓಡಬಲ್ಲೆ’ ಎನಿಸುವುದೂ ಅದೇ ಹೊತ್ತಿನಲ್ಲಿ. ನಾನು ಎಡವಿದ್ದು ಅಲ್ಲೇ. ಹಿಮ್ಮಡಿಯ ಮೇಲಿನ ದಪ್ಪ ಸ್ನಾಯುರಜ್ಜುವೂ ಹೀಗೆಯೇ ನಿಧಾನ, ಅದಕ್ಕೆ ಸಿಗುವ ರಕ್ತವೇ ಕಡಿಮೆ.

ಹೊರಡುವ ಮುಂಚೆ

ಹೃದಯದ ತೊಂದರೆ, ಸಕ್ಕರೆ ಕಾಯಿಲೆ, ಮೂತ್ರಪಿಂಡದ ಸಮಸ್ಯೆ ಅಥವಾ ಹತೋಟಿಗೆ ಬಾರದ ರಕ್ತದೊತ್ತಡ ಇದ್ದರೆ ಮೊದಲು ವೈದ್ಯರನ್ನು ಕಾಣಿ. ಮೆಟ್ಟಿಲು ಹತ್ತುವಾಗ ಎದೆ ಬಿಗಿಯುವುದು, ಕಾರಣವಿಲ್ಲದೆ ತಲೆ ಸುತ್ತಿ ಬೀಳುವುದು ಇದ್ದರೂ ಅಷ್ಟೇ. ಗರ್ಭಿಣಿಯರು, ಇತ್ತೀಚೆಗೆ ಹೆರಿಗೆಯಾದವರು, ವಯಸ್ಸು ನಲವತ್ತೈದು ದಾಟಿ ವರ್ಷಗಟ್ಟಲೆ ಕೂತೇ ಕೆಲಸ ಮಾಡಿದವರು ಕೂಡ ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು.

ಆಮೇಲೆ ನಡಿಗೆಯ ಪರೀಕ್ಷೆ. ಎಲ್ಲೂ ನಿಲ್ಲದೆ 30 ನಿಮಿಷ ಬಿರುಸಾಗಿ ನಡೆದು ಬನ್ನಿ. ಮರುದಿನ ಮೈಕೈ ನೋವಿಲ್ಲದೆ ಎದ್ದರೆ ಓಟಕ್ಕೆ ಸಿದ್ಧ. ಆಗದಿದ್ದರೆ ಎರಡು ಮೂರು ವಾರ ನಡಿಗೆಯೇ ನಿಮ್ಮ ಅಭ್ಯಾಸ. ದೇಹದ ತೂಕ ಹೆಚ್ಚಿದ್ದರೆ ಈ ಹಂತವನ್ನು ಇನ್ನೂ ಉದ್ದ ಮಾಡಿ, ಏಕೆಂದರೆ ತೂಕಕ್ಕೆ ತಕ್ಕಂತೆ ಪ್ರತಿ ಹೆಜ್ಜೆಯ ಭಾರವೂ ಹೆಚ್ಚುತ್ತದೆ. ನಡೆದ ದಿನಗಳು ಲೆಕ್ಕಕ್ಕಿಲ್ಲ ಎಂದುಕೊಳ್ಳಬೇಡಿ, ಕಾಲು ಗಟ್ಟಿಯಾಗುವುದು ಆಗಲೇ ಶುರುವಾಗಿರುತ್ತದೆ.

ಶೂ, ಲೇಸು

ಖರ್ಚು ಮಾಡಲೇಬೇಕಾದ ಒಂದು ವಸ್ತು ಇದ್ದರೆ ಅದು ಓಟದ ಶೂ. ಶೂ ಕೊಳ್ಳಲು ಸಂಜೆ ಹೋಗಿ, ದಿನವಿಡೀ ಓಡಾಡಿದ ಪಾದ ಸ್ವಲ್ಪ ಊದಿರುತ್ತದೆ, ಓಡುವಾಗಲೂ ಹಾಗೇ ಊದುತ್ತದೆ. ನಿಂತಾಗ ಅತಿ ಉದ್ದದ ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಉಳಿಯಬೇಕು. ಹಿಮ್ಮಡಿ ಮೇಲಕ್ಕೂ ಕೆಳಕ್ಕೂ ಜಾರಬಾರದು. ‘ಹಾಕುತ್ತಾ ಹಾಕುತ್ತಾ ಸಡಿಲವಾಗುತ್ತದೆ’ ಎಂದು ಯಾರು ಹೇಳಿದರೂ ನಂಬಬೇಡಿ, ಮೊದಲ ಸಲ ಹಾಕಿದಾಗಲೇ ಹಿತವಾಗಿರಬೇಕು. ಪಾದದ ಬಗೆ, ಕಮಾನಿನ ಎತ್ತರ ಎಂದೆಲ್ಲ ತಲೆ ಕೆಡಿಸಿಕೊಳ್ಳುವುದಕ್ಕಿಂತ ಎರಡು ಮೂರು ಜೊತೆ ಹಾಕಿ ನಾಲ್ಕು ಹೆಜ್ಜೆ ಓಡಿ, ಹಿತವೆನಿಸಿದ್ದನ್ನು ಆರಿಸಿ. ಸಾಮಾನ್ಯವಾಗಿ 500ರಿಂದ 800 ಕಿ.ಮೀ. ಓಡಿದ ಮೇಲೆ ಅಡಿಯ ಮೆತ್ತೆ ಸತ್ವ ಕಳೆದುಕೊಳ್ಳುತ್ತದೆ.

ಹಿಮ್ಮಡಿ ಜಾರುತ್ತಿದ್ದರೆ ಲೇಸು ಕಟ್ಟುವ ರೀತಿಯಲ್ಲೇ ಪರಿಹಾರವಿದೆ. ಬಹಳಷ್ಟು ಓಟದ ಶೂಗಳಲ್ಲಿ ತೀರಾ ಮೇಲೆ, ಸ್ವಲ್ಪ ಹಿಂದಕ್ಕೆ ಸರಿದಂತೆ, ಖಾಲಿ ಬಿಟ್ಟ ಒಂದು ತೂತು ಇರುತ್ತದೆ. ಲೇಸನ್ನು ಅದರ ಕೆಳಗಿನ ತೂತಿನಿಂದ ಹೊರಗೆ ತಂದು, ಎದುರು ಬದಿಗೆ ದಾಟಿಸದೆ, ಅದೇ ಬದಿಯ ಈ ಖಾಲಿ ತೂತಿನೊಳಗೆ ತೂರಿಸಿ. ಎರಡು ತೂತುಗಳ ನಡುವೆ ಸಣ್ಣ ಕುಣಿಕೆ ಉಳಿಯುತ್ತದೆ. ಇನ್ನೊಂದು ಬದಿಯಲ್ಲೂ ಹೀಗೇ ಮಾಡಿ. ಈಗ ಬಲಗಡೆ ಲೇಸನ್ನು ಎಡಗಡೆ ಕುಣಿಕೆಯೊಳಗೆ, ಎಡಗಡೆಯದನ್ನು ಬಲಗಡೆ ಕುಣಿಕೆಯೊಳಗೆ ತೂರಿಸಿ, ಹಿಮ್ಮಡಿಯನ್ನು ಶೂನ ಹಿಂಬದಿಗೆ ಒತ್ತಿಟ್ಟುಕೊಂಡು, ಎರಡನ್ನೂ ಹಿಂದಕ್ಕೂ ಕೆಳಕ್ಕೂ ಎಳೆದು ಗಂಟು ಹಾಕಿ. ಹಿಮ್ಮಡಿ ಹಿಡಿದಿಟ್ಟಂತೆ ಕೂರುತ್ತದೆ, ಬೆರಳುಗಳ ಕಡೆ ಬಿಗಿಯಾಗುವುದಿಲ್ಲ. ಇಳಿಜಾರಿನಲ್ಲಿ ಉಗುರು ಮುಂದಕ್ಕೆ ಬಡಿದು ಕಪ್ಪಾಗುವುದೂ ಇದರಿಂದ ತಪ್ಪುತ್ತದೆ.

ಹತ್ತಿಯ ಕಾಲುಚೀಲ ಬೆವರು ಹೀರಿ ಒದ್ದೆಯಾಗೇ ಇರುತ್ತದೆ, ಚರ್ಮ ಉಜ್ಜಿ ಬೊಬ್ಬೆ ಏಳುತ್ತದೆ. ಬೇಗ ಒಣಗುವ ಸಿಂಥೆಟಿಕ್ ಕಾಲುಚೀಲ ಒಳ್ಳೆಯದು. ತೊಡೆ, ಕಂಕುಳು ಉಜ್ಜುವ ಕಡೆ ಸ್ವಲ್ಪ ಪೆಟ್ರೋಲಿಯಂ ಜೆಲ್ಲಿ ಸವರಿ. ಹೆಣ್ಣುಮಕ್ಕಳಿಗೆ ಗಟ್ಟಿಯಾಗಿ ಹಿಡಿದಿಡುವ ಸ್ಪೋರ್ಟ್ಸ್ ಬ್ರಾ ಶೂನಷ್ಟೇ ಮುಖ್ಯ. ಮಿಕ್ಕಿದ ಬಟ್ಟೆ ಮನೆಯಲ್ಲಿರುವುದೇ ಸಾಕು.

ಎಷ್ಟು ನಿಧಾನ?

ನೀವು ಅಂದುಕೊಂಡದ್ದಕ್ಕಿಂತ ನಿಧಾನ. ಓಡುತ್ತಲೇ ಒಂದು ಪೂರ್ತಿ ವಾಕ್ಯ ಹೇಳಲು ಬರಬೇಕು. ಒಬ್ಬರೇ ಇದ್ದರೆ ನಾಳೆಯ ಕೆಲಸಗಳನ್ನು ನಿಮಗೆ ನೀವೇ ಗಟ್ಟಿಯಾಗಿ ಹೇಳಿಕೊಳ್ಳಿ. ಎರಡು ಪದಕ್ಕೊಮ್ಮೆ ಉಸಿರು ಎಳೆಯಬೇಕಾಗಿ ಬಂದರೆ ವೇಗ ಜಾಸ್ತಿಯಾಗಿದೆ ಎಂದರ್ಥ. ಪಕ್ಕದಲ್ಲಿ ಬಿರುಸಾಗಿ ನಡೆಯುವವರು ನಿಮ್ಮನ್ನು ದಾಟಿ ಹೋದರೂ ಪರವಾಗಿಲ್ಲ.

ಮಾತಾಡುತ್ತಾ ಓಡುವ ಈ ಅಳತೆ ಹಳೆಯದು. ನ್ಯೂಜಿಲೆಂಡ್‌ನ ಕೋಚ್ ಆರ್ಥರ್ ಲಿಡಿಯಾರ್ಡ್ ಅವರ ಶಿಷ್ಯರಾದ ಪೀಟರ್ ಸ್ನೆಲ್ ಮತ್ತು ಮರ್ರೆ ಹಾಲ್ಬರ್ಗ್ 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದವರು. ಅದೇ ಲಿಡಿಯಾರ್ಡ್, ಎಂದೂ ಓಡದ ಮಧ್ಯವಯಸ್ಕರನ್ನು, ಹೃದಯಾಘಾತದಿಂದ ಚೇತರಿಸಿಕೊಂಡವರನ್ನು ಸೇರಿಸಿ, ಮಾತಾಡಲು ಬರುವಷ್ಟು ನಿಧಾನವಾಗಿ ಓಡಿಸುತ್ತಿದ್ದರು. 1962ರ ಕೊನೆಯಲ್ಲಿ ಅಮೆರಿಕದ ಪ್ರಸಿದ್ಧ ಕೋಚ್ ಬಿಲ್ ಬೋವರ್‌ಮನ್ ಅಲ್ಲಿಗೆ ಹೋಗಿದ್ದಾಗ ಈ ಗುಂಪಿನ ಜೊತೆ ಓಡಲು ಹೊರಟು ಹಿಂದೆ ಬಿದ್ದರು. ಅವರ ಜೊತೆಗಿರಲೆಂದು ನಿಧಾನಿಸಿದವರು, ಹೃದಯಾಘಾತವನ್ನು ಗೆದ್ದು ಬಂದಿದ್ದ, ಎಪ್ಪತ್ತು ದಾಟಿದ ಹಿರಿಯರೊಬ್ಬರು. ಒಲಿಂಪಿಕ್ಸ್ ಓಟಗಾರರನ್ನು ತಯಾರು ಮಾಡುತ್ತಿದ್ದ ಬೋವರ್‌ಮನ್ ಊರಿಗೆ ಮರಳಿ 1963ರಲ್ಲಿ ಸಾಮಾನ್ಯ ಜನರಿಗಾಗಿ ಜಾಗಿಂಗ್ ಶುರು ಮಾಡಿಸಿದರು. ಆ ಹಿರಿಯರ ಓಟವನ್ನು ನೆನೆದಾಗಲೆಲ್ಲ ನನಗೆ ಧೈರ್ಯ ಬರುತ್ತದೆ.

ಹನ್ನೆರಡು ವಾರಗಳ ಲೆಕ್ಕ

ಓಟ–ನಡಿಗೆಯ ಪಟ್ಟಿಗಳಲ್ಲಿ ಹೆಸರುವಾಸಿಯಾದದ್ದು ‘ಕೌಚ್ ಟು 5ಕೆ’, ಅಂದರೆ ಸೋಫಾದಿಂದ 5 ಕಿ.ಮೀ. ಓಟಕ್ಕೆ. 1996ರಲ್ಲಿ ಜಾಶ್ ಕ್ಲಾರ್ಕ್ ರೂಪಿಸಿದ ಇದು ಒಂಬತ್ತು ವಾರದ್ದು, ವಾರಕ್ಕೆ ಮೂರು ಓಟ. ಒಳ್ಳೆಯ ಪಟ್ಟಿಯೇ, ಆದರೆ ಐದನೇ ವಾರದ ಕೊನೆಗೇ 20 ನಿಮಿಷ ಒಂದೇ ಸಮನೆ ಓಡಿಸುತ್ತದೆ. ಮೂಳೆಯ ಲೆಕ್ಕ ಹಿಡಿದರೆ ನನಗೆ ಅದು ಸ್ವಲ್ಪ ಅವಸರವೆನಿಸುತ್ತದೆ. ಹಾಗಾಗಿ ಹನ್ನೆರಡು ವಾರದ್ದನ್ನು ಕೊಡುತ್ತಿದ್ದೇನೆ.

ವಾರಕ್ಕೆ ಮೂರೇ ದಿನ, ನಡುವೆ ಒಂದು ದಿನವಾದರೂ ಬಿಡುವು. ಪ್ರತಿ ಸಲ ಮೊದಲು 5 ನಿಮಿಷ ನಡಿಗೆ, ಕೊನೆಗೆ 5 ನಿಮಿಷ ನಡಿಗೆ. ಕೆಳಗಿನದ್ದು ಇವೆರಡರ ನಡುವಿನದು.

1 ಮತ್ತು 2ನೇ ವಾರ: 1 ನಿಮಿಷ ಓಟ, 2 ನಿಮಿಷ ನಡಿಗೆ, ಹೀಗೆ 7 ಸಲ.
3ನೇ ವಾರ: 2 ನಿಮಿಷ ಓಟ, 2 ನಿಮಿಷ ನಡಿಗೆ, 6 ಸಲ.
4 ಮತ್ತು 5ನೇ ವಾರ: 3 ನಿಮಿಷ ಓಟ, 2 ನಿಮಿಷ ನಡಿಗೆ, 5 ಸಲ.
6ನೇ ವಾರ: 5 ನಿಮಿಷ ಓಟ, 2 ನಿಮಿಷ ನಡಿಗೆ, 4 ಸಲ.
7ನೇ ವಾರ: 7 ನಿಮಿಷ ಓಟ, 2 ನಿಮಿಷ ನಡಿಗೆ, 3 ಸಲ.
8ನೇ ವಾರ: 10 ನಿಮಿಷ ಓಟ, 2 ನಿಮಿಷ ನಡಿಗೆ, 2 ಸಲ.
9ನೇ ವಾರ: 12 ನಿಮಿಷ ಓಟ, 2 ನಿಮಿಷ ನಡಿಗೆ, 2 ಸಲ.
10ನೇ ವಾರ: 15 ನಿಮಿಷ ಓಟ, 1 ನಿಮಿಷ ನಡಿಗೆ, 10 ನಿಮಿಷ ಓಟ.
11ನೇ ವಾರ: 25 ನಿಮಿಷ ಓಟ.
12ನೇ ವಾರ: 30 ನಿಮಿಷ ಓಟ.

ಐದನೇ ವಾರ ನಾಲ್ಕನೆಯದರಂತೆಯೇ ಇರುವುದು ಬೇಕೆಂದೇ ಮಾಡಿದ್ದು. ಉಸಿರು ‘ಮುಂದೆ ಹೋಗೋಣ’ ಎನ್ನುವ ವಾರ ಅದು, ಮೂಳೆ ಇನ್ನೂ ಕೆಲಸದ ನಡುವೆ ಇರುತ್ತದೆ. ಎಂಟನೇ ವಾರದಲ್ಲೂ ಓಟದ ಒಟ್ಟು ನಿಮಿಷಗಳು ಏರುವುದಿಲ್ಲ, ಒಂದೊಂದು ಓಟ ಮಾತ್ರ ಉದ್ದವಾಗುತ್ತದೆ.

ಮೊದಲ ವಾರದ ಒಂದು ನಿಮಿಷ ತೀರಾ ಸುಲಭ ಎನಿಸಿದರೂ ಅಷ್ಟಕ್ಕೇ ನಿಲ್ಲಿಸಿ. ದಣಿವಾದ ಮೇಲೆ ನಡೆಯುವುದಲ್ಲ, ದಣಿವಾಗುವ ಮೊದಲೇ ನಡೆಯುವುದು ಈ ಪದ್ಧತಿಯ ಗುಟ್ಟು. ಯಾವುದಾದರೂ ವಾರ ಕಷ್ಟವಾದರೆ ಅದನ್ನೇ ಮತ್ತೊಂದು ವಾರ ಮಾಡಿ. ಹನ್ನೆರಡು ವಾರದ್ದು ಹದಿನಾರಾದರೂ ಏನೂ ಕೆಟ್ಟುಹೋಗುವುದಿಲ್ಲ. ಜ್ವರವೋ ಪ್ರಯಾಣವೋ ಬಂದು ಒಂದು ವಾರ ತಪ್ಪಿದರೆ ಬಿಟ್ಟ ವಾರವನ್ನೇ ಮಾಡಿ, ಎರಡು ವಾರ ತಪ್ಪಿದರೆ ಎರಡು ವಾರ ಹಿಂದಕ್ಕೆ ಹೋಗಿ. ತಪ್ಪಿದ ಓಟಗಳನ್ನು ಒಟ್ಟಿಗೆ ಸೇರಿಸಿ ಸಾಲ ತೀರಿಸಲು ಮಾತ್ರ ಹೋಗಬೇಡಿ.

ಬಿಡುವಿನ ದಿನಗಳಲ್ಲಿ ವಾರಕ್ಕೆ ಎರಡು ಸಲ ಹತ್ತು ನಿಮಿಷ ಕಾಲಿನ ಬಲಕ್ಕೆ ಕೊಡಿ. ಗೋಡೆಗೆ ಕೈಯಿಟ್ಟು ನಿಂತು ಹಿಮ್ಮಡಿ ನಿಧಾನಕ್ಕೆ ಎತ್ತಿ ಇನ್ನೂ ನಿಧಾನಕ್ಕೆ ಇಳಿಸುವುದು 15 ಸಲ, ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು 12 ಸಲ, ಅಂಗಾತ ಮಲಗಿ ಮಂಡಿ ಮಡಚಿ ಸೊಂಟ ಎತ್ತುವುದು 12 ಸಲ, ಒಂದೊಂದು ಕಾಲಿನ ಮೇಲೆ ಅರ್ಧ ನಿಮಿಷ ನಿಲ್ಲುವುದು. ಎರಡು ಸುತ್ತು ಸಾಕು. ಇವುಗಳಲ್ಲಿ ಒಂದನ್ನೇ ಮಾಡಲು ಪುರುಸೊತ್ತಿದ್ದರೆ ಹಿಮ್ಮಡಿ ಎತ್ತುವುದನ್ನು ಮಾಡಿ. ಓಟದಲ್ಲಿ ಅತಿ ಹೆಚ್ಚು ದುಡಿಯುವ ಸ್ನಾಯುಗಳಲ್ಲಿ ಮೀನಖಂಡವೂ ಒಂದು.

ಓಡುವ ರೀತಿ

ಇದರ ಬಗ್ಗೆ ಶುರುವಿನಲ್ಲಿ ಹೆಚ್ಚು ಯೋಚಿಸಬೇಕಿಲ್ಲ. ಚಿಕ್ಕ ಚಿಕ್ಕ ಹೆಜ್ಜೆ ಇಡಿ, ಪಾದ ದೇಹಕ್ಕಿಂತ ತುಂಬ ಮುಂದೆ ಬೀಳದಿರಲಿ. ಕಾಲು ಚಾಚಿ ಮುಂದೆ ಊರಿದರೆ ಪ್ರತಿ ಹೆಜ್ಜೆಯೂ ಬ್ರೇಕ್ ಹಾಕಿದಂತಾಗಿ ಮಂಡಿಗೂ ಮೂಳೆಗೂ ಏಟು. ಹೆಜ್ಜೆಯ ಸದ್ದಿಗೆ ಕಿವಿಗೊಡಿ, ಧಪ್ ಧಪ್ ಎನ್ನುತ್ತಿದ್ದರೆ ಹೆಜ್ಜೆ ಇನ್ನೂ ಕಿರಿದು ಮಾಡಿ. ಭುಜಗಳು ಕಿವಿಯ ಕಡೆ ಏರಿರುತ್ತವೆ, ಆಗಾಗ ಕೆಳಗಿಳಿಸಿ. ಮುಷ್ಟಿ ಬಿಗಿಯಬೇಡಿ, ಅಂಗೈಯಲ್ಲಿ ಹಕ್ಕಿಮರಿ ಹಿಡಿದುಕೊಂಡಷ್ಟು ಸಡಿಲವಾಗಿರಲಿ. ಉಸಿರನ್ನು ಮೂಗಿನಿಂದಲೋ ಬಾಯಿಂದಲೋ ಎಂದು ಲೆಕ್ಕ ಹಾಕಬೇಡಿ, ಎರಡರಿಂದಲೂ ಬರಲಿ.

ಪಕ್ಕೆ ಹಿಡಿದುಕೊಂಡರೆ ನಡಿಗೆಗೆ ಇಳಿದು, ನೋವಿನ ಜಾಗವನ್ನು ಬೆರಳುಗಳಿಂದ ಒತ್ತಿ, ಉದ್ದಕ್ಕೆ ಉಸಿರು ಬಿಡಿ. ಹೊಟ್ಟೆ ತುಂಬ ಊಟ ಮಾಡಿದ್ದರೆ ಎರಡು ಮೂರು ಗಂಟೆ ಬಿಟ್ಟು ಓಡಿ. ಅರ್ಧ ಗಂಟೆಯ ಓಟಕ್ಕೆ ಬಾಯಾರಿಕೆಗೆ ತಕ್ಕಷ್ಟು ನೀರು ಸಾಕು, ಬೇರೆ ಪಾನೀಯಗಳು ಬೇಕಿಲ್ಲ.

ಯಾವ ನೋವು ಸರಿ, ಯಾವುದು ಸರಿಯಲ್ಲ

ಓಡಿದ ಮರುದಿನ, ಅದರ ಮಾರನೆಯ ದಿನ ಎರಡೂ ತೊಡೆ, ಎರಡೂ ಮೀನಖಂಡ ಮಂದವಾಗಿ ನೋಯುವುದು ಸಹಜ. ಓಡಾಡಿದಷ್ಟೂ ಸಡಿಲವಾಗಿ ಎರಡು ಮೂರು ದಿನದಲ್ಲಿ ಹೋಗುತ್ತದೆ. ಒಂದೇ ಕಾಲಿನಲ್ಲಿ, ಬೆರಳಿಟ್ಟು ತೋರಿಸಬಹುದಾದ ಜಾಗದಲ್ಲಿ ನೋವಿದ್ದು, ಓಡಿದಷ್ಟೂ ಹೆಚ್ಚಾದರೆ ಅಥವಾ ಕುಂಟಿಸಿದರೆ ಅಂದಿನ ಓಟ ಅಲ್ಲಿಗೇ ನಿಲ್ಲಬೇಕು.

ನನ್ನನ್ನು ಕಾಡಿದ, ಕಾಲಿನ ಮುಂದಿನ ಮೂಳೆಯ ನೋವನ್ನು ನೀವೇ ಪರೀಕ್ಷಿಸಿ ನೋಡಬಹುದು. ಕುರ್ಚಿಯಲ್ಲಿ ಕೂತು, ಮಂಡಿಯ ಕೆಳಗಿನಿಂದ ಶುರು ಮಾಡಿ, ಮೂಳೆಯ ಒಳ ಅಂಚಿನ ಗುಂಟ ಹೆಬ್ಬೆರಳಿನಿಂದ ಒತ್ತುತ್ತಾ ಪಾದದ ಗಿಣ್ಣಿನವರೆಗೆ ಇಳಿಯಿರಿ. ಅರ್ಧ ಗೇಣಿನಷ್ಟು ಉದ್ದಕ್ಕೂ ಹರಡಿದಂತೆ ನೋವು ಸಿಕ್ಕರೆ ಅದು ಬಹುಮಟ್ಟಿಗೆ ಶಿನ್ ಸ್ಪ್ಲಿಂಟ್ಸ್, ಅಂದರೆ ಓಟ ಅತಿಯಾಗಿ ಈ ಮೂಳೆಯ ಅಂಚಿನಲ್ಲಿ ಬರುವ ನೋವು. ಓಟ ನಿಲ್ಲಿಸಿ, ನೋವಿಲ್ಲದಿದ್ದರೆ ಮಾತ್ರ ನಡೆಯಿರಿ ಅಥವಾ ಸೈಕಲ್ ತುಳಿಯಿರಿ. ನೋವು ಪೂರ್ತಿ ಹೋದ ಮೇಲೆ ಎರಡು ಮೂರು ವಾರ ಹಿಂದಿನ ಹಂತದಿಂದ ಶುರು ಮಾಡಿ. ಆದರೆ ನಾಣ್ಯದಷ್ಟೇ ಜಾಗದಲ್ಲಿ ಮುಟ್ಟಿದರೆ ಜೀವ ಹೋದಂತಾಗುವ ನೋವಿದ್ದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ, ಮೂಳೆಯಲ್ಲಿ ಕೂದಲೆಳೆಯ ಬಿರುಕು ಇರಬಹುದು. ವೈದ್ಯರ ಬಳಿ ಹೋಗಿ. ಇಂಥ ಬಿರುಕು ಶುರುವಿನ ವಾರಗಳಲ್ಲಿ ಎಕ್ಸ್-ರೇಯಲ್ಲಿ ಕಾಣದೇ ಇರಬಹುದು, ಹಾಗಾಗಿ ಎಕ್ಸ್-ರೇ ಸರಿಯಿದೆ ಎಂದು ನೋವಿನ ಮೇಲೆಯೇ ಓಡಬೇಡಿ. ನೋವಿನ ಮಾತ್ರೆ ನುಂಗಿ ಓಡುವುದು ಅದಕ್ಕಿಂತಲೂ ಅಪಾಯ.

ಓಡಿದರೆ ಮಂಡಿ ಸವೆದುಹೋಗುತ್ತದೆ ಎಂದು ನಿಮ್ಮನ್ನು ಹೆದರಿಸುವವರು ಇದ್ದೇ ಇರುತ್ತಾರೆ. ಹವ್ಯಾಸಕ್ಕೆ ಹಿತಮಿತವಾಗಿ ಓಡುವವರಲ್ಲಿ, ಓಡದವರಿಗಿಂತ ಹೆಚ್ಚಾಗಿ ಮಂಡಿಸವೆತ ಕಂಡುಬಂದಿಲ್ಲ. ಮಂಡಿಚಿಪ್ಪಿನ ಸುತ್ತ ನೋವು ಬಂದರೆ ಹೆಚ್ಚಿನ ಸಲ ಓಟವನ್ನು ಒಮ್ಮೆಲೇ ಏರಿಸಿದ್ದೇ ಕಾರಣ.

ಎದೆಯ ಮೇಲೆ ಭಾರ ಇಟ್ಟಂತಾದರೆ, ನೋವು ತೋಳಿಗೋ ದವಡೆಗೋ ಹರಿದರೆ, ಕಣ್ಣು ಕತ್ತಲೆ ಬಂದರೆ ಕೂಡಲೇ ನಿಲ್ಲಿಸಿ ಸಹಾಯ ಕೇಳಿ. ಸುಧಾರಿಸಿಕೊಂಡು ಮನೆಗೆ ನಡೆದು ಹೋಗುತ್ತೇನೆ ಎಂದು ಕಾಯಬೇಡಿ.

ಬಿಸಿಲಿನ ಕಾಲದಲ್ಲಿ ಮುಂಜಾನೆ ಅಥವಾ ಸಂಜೆ ಓಡಿ. ಸೆಕೆಗೆ ದೇಹ ಹೊಂದಿಕೊಳ್ಳಲು 10ರಿಂದ 14 ದಿನ ಬೇಕು, ಅಲ್ಲಿಯವರೆಗೆ ಇನ್ನೂ ನಿಧಾನ. ಸೆಕೆಯಲ್ಲೂ ಮೈ ಜುಮ್ಮೆಂದು ಚಳಿಯಾದರೆ, ಮಾತು ತೊದಲಿದರೆ, ದಿಕ್ಕು ತಪ್ಪಿದಂತಾದರೆ ನೆರಳಿಗೆ ಸರಿದು ಮೈಗೆ ನೀರು ಸುರಿದುಕೊಳ್ಳಿ, ಹತ್ತಿರ ಇರುವವರನ್ನು ಕರೆಯಿರಿ. ಕತ್ತಲಲ್ಲಿ ಓಡುವುದಾದರೆ ತಿಳಿಬಣ್ಣದ ಬಟ್ಟೆ ಹಾಕಿ, ಎದುರಿಂದ ಬರುವ ವಾಹನಗಳು ಕಾಣುವ ಬದಿಯಲ್ಲಿ ಓಡಿ, ಕಿವಿಗಳನ್ನು ತೆರೆದಿಡಿ.

30 ನಿಮಿಷ ಓಡಿದ ದಿನ

ಆ ದಿನ ನೀವು 5 ಕಿ.ಮೀ. ಮುಟ್ಟಿರಬಹುದು, ಮೂರೂವರೆಯೇ ಆಗಿರಬಹುದು. ಎರಡೂ ಸರಿ. ಗಡಿಯಾರ ನಿಲ್ಲಿಸಿ, ಐದು ನಿಮಿಷ ನಡೆದು ಮನೆಗೆ ಬನ್ನಿ. ಸ್ನಾನ ಮಾಡುವ ಮೊದಲು ಕೂತು ಮೂಳೆಯ ಅಂಚನ್ನು ಒಮ್ಮೆ ಹೆಬ್ಬೆರಳಿನಿಂದ ಒತ್ತಿ ನೋಡಿ. ಮರುದಿನ ಬಿಡುವು. ಮುಂದಿನ ನಾಲ್ಕು ವಾರ ಇದೇ 30 ನಿಮಿಷ, ವಾರಕ್ಕೆ ಇದೇ ಮೂರು ದಿನ, ವೇಗವನ್ನೂ ದೂರವನ್ನೂ ಹೆಚ್ಚಿಸದೆ. ಆಮೇಲೆ ವಾರದ ಮೂರು ಓಟಗಳಲ್ಲಿ ಒಂದನ್ನು ಮಾತ್ರ ಐದು ನಿಮಿಷ ಉದ್ದ ಮಾಡಿ.